ಅಮೀರಬಾಯಿ ಕರ್ನಾಟಕಿ: ಕಂಠ ಬೇಕು, ಹೆಸರು ಬೇಡವೆ?

(ಅಂತಿಮ ಬಿ.ಎ. ವಿದ್ಯಾರ್ಥಿನಿ)

ಕಲೆಯನ್ನು ಸವಿಯುವುದು ಒಂದು, ಕಲಾವಿದೆಯನ್ನು ಗೌರವಿಸುವುದು ಇನ್ನೊಂದು. ನಮ್ಮ ಜನ ಮೊದಲನೆಯದರಲ್ಲಿ ಯಾರಿಗೂ ಕಡಮೆಯಲ್ಲ. ಜಾತ್ರೆಯಲ್ಲಿ ನಾಟಕದ ಡೇರೆ ಏಳುವುದೇ ತಡ, ಒಂದು ಕಾಲದಲ್ಲಿ ಬಂಡಿ ಕಟ್ಟಿಕೊಂಡು ಹೋಗುತ್ತಿದ್ದರು. ಈಗ ಟ್ರ್ಯಾಕ್ಟರಿನಲ್ಲಿ, ಮೋಟಾರು ಸೈಕಲ್ಲಿನಲ್ಲಿ ಹೋಗುತ್ತಾರೆ. ರಂಗದ ಮೇಲೆ ನಟಿ ಅತ್ತರೆ ತಾವೂ ಕಣ್ಣೊರೆಸಿಕೊಳ್ಳುತ್ತಾರೆ. ಹಾಡಿದರೆ ‘ಒನ್ಸ್ ಮೋರ್’ ಎಂದು ಕೂಗುತ್ತಾರೆ. ಆದರೆ ಬೆಳಗಾದ ಮೇಲೆ ಅದೇ ನಟಿಯ ಮಾತು ಬಂದರೆ, ‘ನಾಟಕದಾಕಿ’ ಎಂಬ ಒಂದೇ ಮಾತಿನಲ್ಲಿ ಆಕೆಯ ಬಾಳನ್ನೆಲ್ಲ ಕಟ್ಟಿ ಮೂಲೆಗೆ ಎಸೆಯುತ್ತಾರೆ. ರಾತ್ರಿ ಕೊಟ್ಟ ಚಪ್ಪಾಳೆಗೂ ಬೆಳಿಗ್ಗೆ ಆಡಿದ ಮಾತಿಗೂ ಏಕಿಷ್ಟು ದೂರ? ಈ ಪ್ರಶ್ನೆಯನ್ನು ಸಹಪಾಠಿಗಳ ಮತ್ತು ಗುರುಗಳ ಮುಂದಿಡುವುದೇ ಈ ಲೇಖನದ ಉದ್ದೇಶ. ಬರಿಯ ತತ್ತ್ವವನ್ನು ಹೇಳಿದರೆ ಮನಸ್ಸಿಗೆ ನಾಟದು. ಆದುದರಿಂದ ಒಬ್ಬ ಚಿತ್ರನಟಿಯ ಬಾಳನ್ನೇ ಉದಾಹರಣೆಯಾಗಿ ಎತ್ತಿಕೊಂಡಿದ್ದೇನೆ. ಅವರು ದೂರದವರಲ್ಲ, ನಮ್ಮ ಉತ್ತರ ಕರ್ನಾಟಕದವರೇ. ಅವರ ಹೆಸರು ಅಮೀರಬಾಯಿ ಕರ್ನಾಟಕಿ.

ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿರುವ ಬೀಳಗಿ ಆಗ ವಿಜಾಪುರ ಜಿಲ್ಲೆಯಲ್ಲಿತ್ತು. ಆ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅಲ್ಲಿನ ಒಂದು ಮುಸಲ್ಮಾನ ಕುಟುಂಬದಲ್ಲಿ, ಹಾಡು ಮತ್ತು ನಾಟಕಗಳ ಗಾಳಿ ಬೀಸುತ್ತಿದ್ದ ಮನೆಯಲ್ಲಿ, ಕಳೆದ ಶತಮಾನದ ಆರಂಭದ ವರ್ಷಗಳಲ್ಲಿ ಅಮೀರಬಾಯಿಯವರು ಹುಟ್ಟಿದರು. ಅವರ ಅಕ್ಕ ಗೋಹರಬಾಯಿಯವರೂ ಗಾಯಕಿ, ನಟಿ. ಅಕ್ಕತಂಗಿಯರಿಬ್ಬರೂ ತಮ್ಮ ಹೆಸರಿನ ಮುಂದೆ ‘ಕರ್ನಾಟಕಿ’ ಎಂದು ಸೇರಿಸಿಕೊಂಡೇ ಹೊರನಾಡಿನಲ್ಲಿ ಹೆಸರಾದರು. ಇದು ಸಣ್ಣ ಮಾತಲ್ಲ. ಕರ್ನಾಟಕದ ಏಕೀಕರಣವಾದುದು 1956ರಲ್ಲಿ. ಈ ರಾಜ್ಯಕ್ಕೆ ‘ಕರ್ನಾಟಕ’ ಎಂಬ ಹೆಸರು ಬಂದುದು 1973ರಲ್ಲಿ. ಅದಕ್ಕೆ ಎಷ್ಟೋ ವರ್ಷ ಮೊದಲೇ ಬೀಳಗಿಯ ಇಬ್ಬರು ಹೆಣ್ಣುಮಕ್ಕಳು ನಾಡಿನ ಹೆಸರನ್ನು ತಮ್ಮ ಹೆಸರಿಗೆ ಕಟ್ಟಿಕೊಂಡು ಮುಂಬಯಿಯ ಬೀದಿಗಳಲ್ಲಿ ನಡೆದರು. ನಾಡನ್ನು ಅವರು ಹೊತ್ತರು. ನಾಡು ಅವರನ್ನು ಹೊತ್ತಿತೆ?

ಅವರು ಚಿತ್ರರಂಗಕ್ಕೆ ಕಾಲಿಟ್ಟ ಕಾಲ ಎಂಥದು ಎಂಬುದನ್ನು ಸ್ವಲ್ಪ ನೆನೆಯಬೇಕು. ದಾದಾಸಾಹೇಬ ಫಾಲ್ಕೆಯವರು 1913ರಲ್ಲಿ ‘ರಾಜಾ ಹರಿಶ್ಚಂದ್ರ’ ಚಿತ್ರವನ್ನು ತೆಗೆದಾಗ ತಾರಾಮತಿಯ ಪಾತ್ರಕ್ಕೆ ಹೆಣ್ಣು ಸಿಗಲಿಲ್ಲ. ಕೊನೆಗೆ ಉಪಾಹಾರ ಗೃಹವೊಂದರಲ್ಲಿ ಅಡಿಗೆಯ ಕೆಲಸ ಮಾಡುತ್ತಿದ್ದ ಸಾಳುಂಕೆ ಎಂಬ ತರುಣನಿಗೆ ಸೀರೆ ಉಡಿಸಿ ರಾಣಿಯನ್ನಾಗಿ ಮಾಡಿದರು. ಮೂಕಿ ಚಿತ್ರದಲ್ಲಿ ಇದು ನಡೆದೀತು. ಚಿತ್ರ ಮಾತನಾಡಲು ಕಲಿತ ಮೇಲೆ ಹೇಗೆ ನಡೆಯಬೇಕು? 1931ರಲ್ಲಿ ‘ಆಲಂ ಆರಾ’ ಬಂದಿತು. 1934ರ ಮಾರ್ಚ್ 3ರಂದು ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ಬೆಂಗಳೂರಿನಲ್ಲಿ ತೆರೆ ಕಂಡಿತು. ತೆರೆಗೆ ಹೆಣ್ಣಿನ ಮುಖವೂ ಬೇಕಾಯಿತು, ಕಂಠವೂ ಬೇಕಾಯಿತು. ಮರ್ಯಾದಸ್ಥರೆನಿಸಿಕೊಂಡ ಮನೆಗಳು ಬಾಗಿಲು ಮುಚ್ಚಿಕೊಂಡವು. ಬಾಗಿಲು ತೆರೆದು ಹೊರಬಂದವರು ಹಾಡನ್ನು ಪರಂಪರೆಯಿಂದ ಕಲಿತ ‘ಬಾಯಿ’ಯರು. ಭಾರತದ ಚಿತ್ರರಂಗದ ಮೊದಲ ಕಂಬಗಳಲ್ಲಿ ಅವರೂ ಸೇರಿದ್ದಾರೆ. ಕಟ್ಟಡವನ್ನು ನೋಡಿ ಹೊಗಳುವವರು ಬಹಳ; ಕಂಬವನ್ನು ನೋಡುವವರು ಕಡಮೆ.

ಅಮೀರಬಾಯಿಯವರು ಚಿಕ್ಕ ವಯಸ್ಸಿನಲ್ಲೇ ಮುಂಬಯಿ ಸೇರಿದರು. ಗ್ರಾಮಫೋನ್ ತಟ್ಟೆಗಳಿಗೆ ಹಾಡಿ ಗುರುತಾದರು. 1934ರಲ್ಲಿ, ಎಂದರೆ ಕನ್ನಡದ ಮೊದಲ ವಾಕ್ಚಿತ್ರ ಬಂದ ವರ್ಷದಲ್ಲೇ, ‘ವಿಷ್ಣುಭಕ್ತಿ’ ಎಂಬ ಹಿಂದಿ ಚಿತ್ರದಲ್ಲಿ ನಟಿಸಿದರು. ಅಂದಿನ ಚಿತ್ರನಟಿಯೆಂದರೆ ಇಂದಿನಂತಲ್ಲ. ಆಗ ತಾನೇ ಮಾತನಾಡಬೇಕು, ತಾನೇ ಹಾಡಬೇಕು. ಮೊದಮೊದಲು ಹಿನ್ನೆಲೆ ಗಾಯನವೆಂಬ ಅನುಕೂಲವಿರಲಿಲ್ಲ. ಕ್ಯಾಮೆರಾ ತಿರುಗುತ್ತಿರುವಾಗಲೇ, ವಾದ್ಯದವರು ಚೌಕಟ್ಟಿನ ಹೊರಗೆ ಅಡಗಿ ಕುಳಿತು ನುಡಿಸುತ್ತಿರುವಾಗಲೇ, ಮುಖದಲ್ಲಿ ಭಾವ ಕೆಡದಂತೆ, ಸ್ವರ ತಪ್ಪದಂತೆ ಹಾಡಬೇಕಾಗಿದ್ದಿತು. ಇಂಥ ಕಠಿಣ ಶಾಲೆಯಲ್ಲಿ ಕಲಿತವರು ಅಮೀರಬಾಯಿ. ಸೊಹ್ರಾಬ್ ಮೋದಿಯವರ ‘ಜೈಲರ್’ (1938) ಚಿತ್ರದಲ್ಲಿ ಪಾತ್ರ ವಹಿಸಿದರು. ಗುಜರಾತಿನ ಸಂತಕವಿ ನರಸಿ ಮೆಹತಾ ಅವರ ಬಾಳನ್ನು ಕುರಿತ ‘ನರಸೀ ಭಗತ್’ (1940) ಚಿತ್ರದಲ್ಲಿ ನಟಿಸಿ ಹಾಡಿದರು. ಬೀಳಗಿಯ ಮುಸಲ್ಮಾನ ಹೆಣ್ಣುಮಗಳು ವೈಷ್ಣವ ಭಕ್ತನ ಕಥೆಗೆ ಕೊರಳು ಕೊಟ್ಟಾಗ, ಇವಳು ಯಾವ ಮತದವಳು ಎಂದು ಹಾಡು ಕೇಳಲಿಲ್ಲ. ಶ್ರುತಿಗೆ ಸೇರಿದಳೇ ಇಲ್ಲವೇ, ಅದಕ್ಕೆ ಬೇಕಾದದ್ದು ಅಷ್ಟೇ.

ಅವರ ಕೀರ್ತಿ ಶಿಖರ ಮುಟ್ಟಿದುದು 1943ರಲ್ಲಿ, ಬಾಂಬೆ ಟಾಕೀಸ್ ಸಂಸ್ಥೆಯ ‘ಕಿಸ್ಮತ್’ ಚಿತ್ರದಿಂದ. ಗ್ಯಾನ್ ಮುಖರ್ಜಿಯವರ ನಿರ್ದೇಶನ, ಅನಿಲ್ ಬಿಸ್ವಾಸರ ಸಂಗೀತ, ಕವಿ ಪ್ರದೀಪರ ಗೀತೆಗಳು. ನಾಯಕ ಅಶೋಕಕುಮಾರ್, ನಾಯಕಿ ಮುಮ್ತಾಜ್ ಶಾಂತಿ. ಆ ನಾಯಕಿಯ ಕೊರಳಾಗಿ ಹಾಡಿದವರು ಅಮೀರಬಾಯಿ. ಈ ಚಿತ್ರ ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರ ಒಂದರಲ್ಲೇ ಮೂರು ವರ್ಷಗಳಿಗೂ ಮಿಕ್ಕಿ ಓಡಿತು. ಅದರಲ್ಲಿ ಪರದೇಶದವರು ಈ ನೆಲದಿಂದ ದೂರ ಸರಿಯಲಿ ಎಂಬ ಅರ್ಥದ ಒಂದು ಗೀತೆಯುಂಟು. ಅಮೀರಬಾಯಿಯವರು ಖಾನ್ ಮಸ್ತಾನಾ ಅವರೊಡನೆ ಅದನ್ನು ಹಾಡಿದ್ದಾರೆ. ‘ಭಾರತ ಬಿಟ್ಟು ತೊಲಗಿ’ ಚಳವಳಿ ಆರಂಭವಾದುದು 1942ರ ಆಗಸ್ಟಿನಲ್ಲಿ. ಚಿತ್ರ ಬಂದುದು ಕೆಲವೇ ತಿಂಗಳುಗಳ ಮೇಲೆ. ಗೀತೆಯಲ್ಲಿ ಜರ್ಮನರ, ಜಪಾನರ ಹೆಸರಿದ್ದುದರಿಂದ ಇದು ಯುದ್ಧದ ಶತ್ರುಗಳನ್ನು ಕುರಿತದ್ದೆಂದು ಸೆನ್ಸಾರಿನ ಕಣ್ಣನ್ನು ದಾಟಿತು. ಕೇಳಿದ ಜನಕ್ಕೆ ಮಾತ್ರ ಅದು ಯಾರನ್ನು ಕುರಿತದ್ದೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ನಾವು ಸ್ವಾತಂತ್ರ್ಯ ಸಂಗ್ರಾಮದ ಪಾಠದಲ್ಲಿ ಸೆರೆಮನೆಗೆ ಹೋದವರ ಹೆಸರುಗಳನ್ನು ಓದುತ್ತೇವೆ, ಅದು ಯುಕ್ತವೇ. ಆದರೆ ನೂರಾರು ಊರುಗಳ ಚಿತ್ರಮಂದಿರಗಳ ಕತ್ತಲಲ್ಲಿ ಸಾಮಾನ್ಯ ಜನರ ಎದೆಯನ್ನು ನಿಮಿರಿಸಿದ ಆ ಕಂಠ ನಮ್ಮ ಬೀಳಗಿಯದು ಎಂದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಮರುವರ್ಷ, 1944ರಲ್ಲಿ, ನೌಷಾದರ ಸಂಗೀತದ ‘ರತನ್’ ಚಿತ್ರದಲ್ಲಿ ಅವರ ಹಾಡುಗಳು ದೇಶವನ್ನೆಲ್ಲ ಸುತ್ತಿದವು. 1946ರ ಗುಜರಾತಿ ಚಿತ್ರ ‘ರಾಣಕದೇವಿ’ಯ ಹಾಡಿನಿಂದ ಗುಜರಾತಿನ ಮನೆಮನೆಗೂ ಪರಿಚಿತರಾದರು. ಕನ್ನಡದಲ್ಲಿಯೂ ಗ್ರಾಮಫೋನ್ ತಟ್ಟೆಗಳಿಗೆ ಹಾಡಿದರು. ‘ಕನ್ನಡ ಕೋಕಿಲ’ ಎಂಬ ಪ್ರಶಂಸೆಗೆ ಪಾತ್ರರಾದರು. ಇವೆಲ್ಲಕ್ಕಿಂತ ನನಗೆ ದೊಡ್ಡದಾಗಿ ಕಾಣುವ ಸಂಗತಿ ಬೇರೊಂದಿದೆ. 1948ರ ‘ಶಹನಾಜ್’ ಚಿತ್ರಕ್ಕೆ ಅವರೇ ಸಂಗೀತ ನಿರ್ದೇಶಕಿಯಾದರು. ವಾದ್ಯವೃಂದದ ಮುಂದೆ ನಿಂತು ಹೀಗೆ ನುಡಿಸಿರಿ ಎಂದು ಹೇಳುವ ಅಧಿಕಾರ ಆ ಕಾಲದಲ್ಲಿ ಬಹುಮಟ್ಟಿಗೆ ಗಂಡಸರದು. ಅಪ್ಪಣೆ ಪಾಲಿಸುವ ಕೊರಳಾಗಿದ್ದವರು ಅಪ್ಪಣೆ ಕೊಡುವ ಮನಸ್ಸಾದರು.

ಅನಂತರ ಕಾಲ ಬದಲಾಯಿತು. 1949ರ ‘ಮಹಲ್’ ಚಿತ್ರದ ಹೊತ್ತಿಗೆ ಲತಾ ಮಂಗೇಶ್ಕರರ ತೆಳುವಾದ, ಎತ್ತರದ ಶ್ರುತಿಯ ದನಿ ಎಲ್ಲರ ಕಿವಿಯನ್ನು ಗೆದ್ದಿತು. ತುಂಬುಕಂಠದ ಹಳೆಯ ಗಾಯಕಿಯರಿಗೆ ಕರೆ ಕಡಮೆಯಾಯಿತು. ಇದರಲ್ಲಿ ಯಾರ ತಪ್ಪೂ ಇಲ್ಲ; ಜನದ ರುಚಿ ಹೊಳೆಯ ನೀರಿದ್ದಂತೆ. ಅಮೀರಬಾಯಿಯವರು ಅಳುತ್ತ ಕೂರಲಿಲ್ಲ. ಮತ್ತೆ ನಟನೆಗೆ ಮರಳಿದರು, ಪೋಷಕ ಪಾತ್ರಗಳನ್ನು ವಹಿಸಿದರು. ಸಂಸಾರದಲ್ಲಿಯೂ ಅವರು ಕಷ್ಟವನ್ನು ಕಂಡವರೇ. ಮೊದಲ ಮದುವೆ ಒಬ್ಬ ನಟನೊಡನೆ ಆಯಿತು; ಅದರಿಂದ ಬಹಳ ನೊಂದು ಬಿಡುಗಡೆ ಪಡೆದು, ಮುಂದೆ ಒಬ್ಬ ಪತ್ರಿಕಾ ಸಂಪಾದಕರನ್ನು ಮದುವೆಯಾದರು. 1965ರಲ್ಲಿ ಪಾರ್ಶ್ವವಾಯು ಬಡಿಯಿತು. ಮಾರ್ಚ್ 3ರಂದು ತೀರಿಕೊಂಡರು. ವಿಜಾಪುರದ ಮಣ್ಣಿನಲ್ಲಿಯೇ ಅವರನ್ನು ಹೂಳಲಾಯಿತು. ಅಕ್ಕ ಗೋಹರಬಾಯಿಯವರು ಅದಕ್ಕೆ ಒಂದು ವರ್ಷ ಮೊದಲೇ ತೀರಿಕೊಂಡಿದ್ದರು. ಮರಾಠಿ ರಂಗಭೂಮಿಯ ಮಹಾನಟ ಬಾಲಗಂಧರ್ವರ ಕೈಹಿಡಿದು, ಅವರ ಮುಪ್ಪಿನ ಕಷ್ಟಕಾಲದಲ್ಲಿ ಜೊತೆಗಿದ್ದವರು ಗೋಹರಬಾಯಿ. ಬಾಲಗಂಧರ್ವರ ಹೆಸರಿನಲ್ಲಿ ಪುಣೆಯಲ್ಲಿ ರಂಗಮಂದಿರವಿದೆ. ಗೋಹರಬಾಯಿಯವರ ಹೆಸರಿನಲ್ಲಿ ಅಂಥದೊಂದನ್ನು ನಾವು ಕಟ್ಟಲಿಲ್ಲ.

ಮಾರ್ಚ್ 3 ಎಂಬ ದಿನವನ್ನು ಗಮನಿಸಿರಿ. ‘ಸತಿ ಸುಲೋಚನಾ’ ತೆರೆ ಕಂಡ ದಿನವೆಂದು ಅದನ್ನು ಕನ್ನಡ ಚಿತ್ರರಂಗದವರು ನೆನೆಯುತ್ತಾರೆ. ಅದೇ ದಿನ ‘ಕರ್ನಾಟಕಿ’ ಎಂದು ಕರೆದುಕೊಂಡ ನಟಿಯೊಬ್ಬರು ಕಣ್ಣುಮುಚ್ಚಿದರೆಂಬುದನ್ನು ನೆನೆಯುವವರು ವಿರಳ. ವಿಜಾಪುರದಲ್ಲಿ ‘ಅಮೀರ್ ಟಾಕೀಸ್’ ಎಂಬ ಚಿತ್ರಮಂದಿರ ಅವರ ಹೆಸರನ್ನು ಹೊತ್ತಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ರಹಮತ್ ತರೀಕೆರೆಯವರು ಊರೂರು ತಿರುಗಿ ಅವರ ಬಾಳನ್ನು ಕುರಿತು ಕನ್ನಡದಲ್ಲಿ ಪುಸ್ತಕ ಬರೆದರು. ನಮ್ಮ ಕಡೆಯ ಹಾಡುಗಾರ್ತಿಯ ಬಾಳು ಸಂಶೋಧನೆಗೆ ತಕ್ಕ ವಸ್ತುವೆಂದು ಒಬ್ಬ ವಿದ್ವಾಂಸರಿಗೆ ತೋರಿತಲ್ಲ, ಅದು ನಮ್ಮ ಪುಣ್ಯ.

ಇದು ನಮ್ಮ ದೇಶದ ರೋಗ ಮಾತ್ರವೆಂದು ಯಾರೂ ತಿಳಿಯಬಾರದು. ಕಲೆಗೆ ಹೆಸರಾದ ಫ್ರಾನ್ಸ್ ದೇಶವನ್ನೇ ನೋಡಿರಿ. 1730ರಲ್ಲಿ ಪ್ಯಾರಿಸಿನ ದೊಡ್ಡ ನಟಿ ಆದ್ರಿಯೆನ್ ಲೆಕೂವ್ರರ್ ತೀರಿಕೊಂಡಾಗ, ನಟಿಯೆಂಬ ಕಾರಣಕ್ಕೆ ಆಕೆಗೆ ಚರ್ಚಿನ ಮಣ್ಣು ಸಿಗಲಿಲ್ಲ. ರಾತ್ರಿಯ ಹೊತ್ತು ಹೆಣವನ್ನು ಸಾಗಿಸಿ, ಊರ ಹೊರಗಿನ ಪಾಳು ನೆಲದಲ್ಲಿ ಹೂಳಿದರು. ಬದುಕಿದ್ದಾಗ ಆಕೆಯ ನಟನೆಯನ್ನು ನೋಡಲು ಸಾಲುಗಟ್ಟಿದ ಊರು ಅದು! ವಾಲ್ಟೇರ್ ಒಬ್ಬನು ಕನಲಿ ಕವಿತೆ ಬರೆದನು. ಅದೇ ಪ್ಯಾರಿಸಿನಲ್ಲಿ 1923ರಲ್ಲಿ ಸಾರಾ ಬರ್ನಾರ್ ಎಂಬ ನಟಿ ತೀರಿಕೊಂಡಾಗ ಅಂತಿಮ ದರ್ಶನಕ್ಕೆ ಬೀದಿಗಳು ಸಾಲದಾದವು. ಆಕೆಗೆ ಆ ದೇಶ 1914ರಲ್ಲೇ ತನ್ನ ಉನ್ನತ ಗೌರವವನ್ನು ಕೊಟ್ಟಿತ್ತು; 1915ರಲ್ಲಿ ಒಂದು ಕಾಲನ್ನು ಕಳೆದುಕೊಂಡ ಮೇಲೂ ಆಕೆ ರಂಗವನ್ನು ಬಿಡಲಿಲ್ಲ. ಪಾಳು ನೆಲದಿಂದ ಆ ಮೆರವಣಿಗೆಯವರೆಗೆ ಬರಲು ಫ್ರಾನ್ಸಿಗೆ ಸುಮಾರು ಇನ್ನೂರು ವರ್ಷ ಹಿಡಿಯಿತು. ಜನದ ಮನಸ್ಸು ಬದಲಾಗಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ಆದರೆ ಅದು ತಾನಾಗಿ ಬದಲಾಗದು. ಯಾರಾದರೂ ಮಾತು ಆರಂಭಿಸಬೇಕು.

ಇಲ್ಲಿ ಒಂದು ಆಕ್ಷೇಪ ಬರುವುದುಂಟು. “ನಟಿಯರ ಬಾಳಿನಲ್ಲಿ ಸುಖವೆಲ್ಲಿದೆ? ಅಮೀರಬಾಯಿಯವರೇ ನೊಂದರಲ್ಲ! ಹೆಣ್ಣುಮಕ್ಕಳು ಆ ದಾರಿ ತುಳಿಯದಿರುವುದೇ ಲೇಸು” ಎಂದು ಹಿರಿಯರು ಹೇಳುತ್ತಾರೆ. ಹೆತ್ತ ಕರುಳಿನ ಮಾತಾದುದರಿಂದ ಇದನ್ನು ನಗುತ್ತ ತಳ್ಳಿಹಾಕಲಾಗದು. ಆದರೆ ಆಲೋಚಿಸಿ ನೋಡಿದರೆ, ಅಮೀರಬಾಯಿಯವರನ್ನು ನೋಯಿಸಿದುದು ಹಾಡೂ ಅಲ್ಲ, ನಟನೆಯೂ ಅಲ್ಲ. ನೋಯಿಸಿದುದು ಒಂದು ಕೆಟ್ಟ ದಾಂಪತ್ಯ. ಅಂಥ ದಾಂಪತ್ಯ ಹೊಲದಲ್ಲಿ ದುಡಿಯುವವಳಿಗೂ ಬಂದೀತು, ಹೊಸ್ತಿಲು ದಾಟದವಳಿಗೂ ಬಂದೀತು. ವ್ಯತ್ಯಾಸವಿಷ್ಟೆ: ಅಮೀರಬಾಯಿಯವರ ಕೈಯಲ್ಲಿ ಒಂದು ವಿದ್ಯೆಯಿತ್ತು, ಅದರಿಂದ ಬಂದ ಸ್ವಂತ ಗಳಿಕೆಯಿತ್ತು. ಆದುದರಿಂದ ಅವರು ಬಿಡಿಸಿಕೊಂಡು ಎದ್ದು ನಿಂತರು. ಕಲೆ ಅವರನ್ನು ಕೆಡಿಸಲಿಲ್ಲ, ಕಾಪಾಡಿತು.

ಈ ವಿಚಾರ ನನ್ನಂಥವಳಿಗೆ ಏಕೆ ಇಷ್ಟು ಹತ್ತಿರದ್ದೆಂದು ಹೇಳಬೇಕು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಅಪ್ಪ ಕಾಲುವೆಯ ನೀರಿನ ಸರದಿ ಕಾಯುವವನು. ಅವ್ವ ಭತ್ತದ ನಾಟಿಗೆ ಹೋಗುವವಳು. ನಾನು ಮುಂಜಾನೆಯ ಬಸ್ಸು ಹಿಡಿದು ಸಿಂಧನೂರಿಗೆ ಹೊರಟ ಹೊಸದರಲ್ಲಿ ಓಣಿಯ ಹಿರಿಯಳೊಬ್ಬಳು ಅವ್ವನಿಗೆ, “ಏನವ್ವಾ, ನಿನ್ನ ಮಗಳು ದಿನಾ ತಲಿ ಬಾಚ್ಕೊಂಡು ನಾಟಕದಾಕಿ ಹಂಗ ಹೊಂಟಾಳಲ್ಲ” ಎಂದಳು. ಅವ್ವ, “ಓದಾಕ ಹೊಂಟಾಳ ಬಿಡಬೇ” ಎಂದು ಸಸಿಯ ಕಟ್ಟನ್ನೆತ್ತಿಕೊಂಡು ನಡೆದಳು. ಆ ದಿನ ನನಗೆ ಒಂದು ಸಂಗತಿ ಸ್ಪಷ್ಟವಾಯಿತು. ‘ನಾಟಕದಾಕಿ’ ಎಂಬ ಮಾತು ನಟಿಯರಿಗೆ ಮಾತ್ರ ಹೇಳುವುದಲ್ಲ. ಹೊಸ್ತಿಲು ದಾಟಿ ನಾಲ್ಕು ಜನ ನೋಡುವಂತೆ ನಡೆಯುವ ಯಾವ ಹೆಣ್ಣಿಗಾದರೂ ಎಸೆಯಲು ಇಟ್ಟುಕೊಂಡ ಕಲ್ಲು ಅದು. ಆ ಕಲ್ಲಿನ ಪೆಟ್ಟನ್ನು ಮೊದಲು ತಿಂದವರು ಅಮೀರಬಾಯಿಯಂಥವರು. ಅವರು ತಿಂದು ಮುಂದೆ ನಡೆದುದರಿಂದಲೇ, ಹೆಣ್ಣು ಹೊರಗೆ ದುಡಿದು ಬಾಳಬಹುದೆಂಬುದನ್ನು ಜನ ಕಣ್ಣಾರೆ ಕಂಡರು. ನನ್ನ ಪದವಿಗೂ ಅವರ ಹಾಡಿಗೂ ಸಂಬಂಧವಿಲ್ಲವೆಂದು ನಾನು ಹೇಗೆ ಹೇಳಲಿ? ನಮ್ಮಂಥ ಊರುಗಳ ಕಾಲೇಜುಗಳಲ್ಲಿ ಹುಡುಗಿಯರು ಭಾಷಣಕ್ಕೆ, ರಂಗೋಲಿಗೆ, ಭಾವಗೀತೆಗೆ ಧೈರ್ಯವಾಗಿ ಹೆಸರು ಕೊಡುತ್ತಾರೆ; ನಾಟಕವೆಂದೊಡನೆ ತಲೆ ತಗ್ಗಿಸುತ್ತಾರೆ. ತಲೆ ತಗ್ಗಿಸುವಂತೆ ಮಾಡುವುದು ಅಳುಕಲ್ಲ, ಆ ಮಾತು.

ಇನ್ನೊಂದು ತುದಿಯೂ ಉಂಟು. ಅದನ್ನೂ ಹೇಳದೆ ಬಿಡಬಾರದು. ಇಂದಿನ ತರುಣರು ನಟಿಯರನ್ನು ತಿರಸ್ಕರಿಸುವುದಿಲ್ಲ, ಆರಾಧಿಸುತ್ತಾರೆ ಎಂದು ಕೆಲವರು ಹೇಳಬಹುದು. ನಿಜ, ಕೈಯಲ್ಲಿರುವ ಮೊಬೈಲಿನ ತುಂಬ ನಟಿಯರ ಚಿತ್ರಗಳೇ. ಆದರೆ ಆ ಆರಾಧನೆಯ ವಸ್ತು ಯಾವುದು? ಉಟ್ಟ ಸೀರೆ, ಕೊಂಡ ಕಾರು, ಮುರಿದ ಮದುವೆ. ಆ ಪಾತ್ರಕ್ಕಾಗಿ ಆಕೆ ಏನು ಅಭ್ಯಾಸ ಮಾಡಿದಳು, ಯಾವ ಗುರುವಿನಲ್ಲಿ ಕಲಿತಳು, ಯಾವ ಸಂಭಾವನೆಗೆ ದುಡಿದಳು ಎಂದು ಕೇಳುವವರಿಲ್ಲ. ತಿರಸ್ಕಾರವೂ ಆರಾಧನೆಯೂ ಕೆಲಸವನ್ನು ನೋಡುವುದಿಲ್ಲ ಎಂಬ ವಿಷಯದಲ್ಲಿ ಒಂದೇ. ಮೈಸೂರಿನ ಆರ್. ನಾಗರತ್ನಮ್ಮನವರು 1958ರಲ್ಲಿ ಸ್ತ್ರೀಯರದೇ ನಾಟಕ ಮಂಡಳಿಯನ್ನು ಕಟ್ಟಿ, ಗಂಡಸರ ಪಾತ್ರಗಳನ್ನೂ ಹೆಂಗಸರಿಂದಲೇ ಆಡಿಸಿ, ತಾವೇ ಕಂಸನಾಗಿ ಗುಡುಗಿದರು. ಎಂ. ವಿ. ರಾಜಮ್ಮನವರು 1943ರಲ್ಲೇ ‘ರಾಧಾರಮಣ’ ಚಿತ್ರವನ್ನು ತಯಾರಿಸಿ ಕನ್ನಡದ ಮೊದಲ ಮಹಿಳಾ ನಿರ್ಮಾಪಕಿಯೆನಿಸಿದರು. ಇವರನ್ನು ಗೌರವಿಸುವುದೆಂದರೆ ಹೂಹಾರ ಹಾಕುವುದಲ್ಲ. ಇವರು ಮಾಡಿದ ಕೆಲಸವನ್ನು ಕೆಲಸವೆಂದು ಓದುವುದು.

ಹೆಸರಿನ ಬೆಲೆಯೇನೆಂಬುದನ್ನು ನಮ್ಮ ಸೀಮೆಯವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ದೇಶದ ಎಷ್ಟೋ ಬಂಡೆಗಳ ಮೇಲೆ ‘ದೇವಾನಾಂಪ್ರಿಯ’ ಎಂಬ ಬಿರುದಿನಿಂದ ಶಾಸನ ಬರೆಸಿದ ಅರಸನು ಯಾರೆಂಬುದಕ್ಕೆ ಬಂಡೆಗಳಲ್ಲಿ ಗಟ್ಟಿ ಆಧಾರ ಸಿಕ್ಕಿರಲಿಲ್ಲ. 1915ರಲ್ಲಿ ನಮ್ಮ ನೆರೆಯ ಮಸ್ಕಿಯಲ್ಲಿ ದೊರೆತ ಶಾಸನದಲ್ಲಿ ಆ ಬಿರುದಿನ ಜೊತೆಗೆ ‘ಅಶೋಕ’ ಎಂಬ ಹೆಸರು ಕಾಣಿಸಿತು, ಸಂಶಯ ತೀರಿತು. ಚಕ್ರವರ್ತಿಗೇ ಅವನ ಹೆಸರನ್ನು ಹಿಂದಕ್ಕೆ ಕೊಟ್ಟ ನೆಲ ಇದು. ಇನ್ನೊಂದು ಕಡೆ, ಚಿತ್ರಗೀತೆಗಳ ಲೋಕವನ್ನು ನೋಡಿರಿ: ಮೇಲೆ ಹೇಳಿದ ‘ಮಹಲ್’ ಚಿತ್ರದ ಪ್ರಖ್ಯಾತ ಗೀತೆಯ ತಟ್ಟೆ ಮೊದಲು ಹೊರಬಂದಾಗ ಅದರ ಮೇಲೆ ಹಾಡಿದ ಲತಾ ಅವರ ಹೆಸರಿರಲಿಲ್ಲ, ಕಥೆಯ ಪಾತ್ರವಾದ ‘ಕಾಮಿನಿ’ಯ ಹೆಸರಿತ್ತು! ಕೊರಳು ಒಬ್ಬರದು, ಹೆಸರು ಇಲ್ಲದವಳದು. ಲತಾ ಅವರಂಥವರಿಗೇ ಹೀಗಾದರೆ, ನಮ್ಮ ಹಳ್ಳಿಗಳ ನಾಟಕಗಳಿಗೆ ರಾತ್ರಿಯ ಲೆಕ್ಕದಲ್ಲಿ ಬಂದು ಪಾತ್ರ ಮಾಡಿ, ಬೆಳಗಿನ ಬಸ್ಸಿಗೆ ಹೋಗಿಬಿಡುವ ಕಲಾವಿದೆಯರ ಗತಿಯೇನು? ನಾಟಕದ ಕರಪತ್ರದಲ್ಲಿ ಊರ ಗೌಡರ, ದಾನಿಗಳ ಹೆಸರುಗಳು ದಪ್ಪಕ್ಷರದಲ್ಲಿರುತ್ತವೆ. ಕಥೆಯನ್ನು ಹೊತ್ತು ನಿಲ್ಲಿಸಿದವಳ ಹೆಸರು ಕೆಳಗೆಲ್ಲೋ ಸಣ್ಣಕ್ಷರದಲ್ಲಿ.

ಆದುದರಿಂದ ನನ್ನದೊಂದು ಸಲಹೆಯಿದೆ. ಬರುವ ರಜೆಯಲ್ಲಿ ನಾವು ಒಬ್ಬೊಬ್ಬರೂ ನಮ್ಮ ನಮ್ಮ ಊರಿನ ಹಿರಿಯರನ್ನು ಕೇಳೋಣ. ಬಯಲಾಟದಲ್ಲಿ, ಕಂಪನಿ ನಾಟಕದಲ್ಲಿ, ಸಾಮಾಜಿಕ ನಾಟಕದಲ್ಲಿ ಪಾತ್ರ ಮಾಡಿದ ಹೆಣ್ಣುಮಕ್ಕಳು ಯಾರು? ಎಲ್ಲಿಂದ ಬಂದರು? ಯಾವ ಪಾತ್ರ ಆಡಿದರು? ಬದುಕಿದ್ದರೆ ಈಗ ಹೇಗಿದ್ದಾರೆ, ಸರಕಾರ ಕಲಾವಿದರಿಗೆ ಕೊಡುವ ಮಾಸಾಶನ ಅವರಿಗೆ ಮುಟ್ಟುತ್ತಿದೆಯೆ? ಒಪ್ಪಿದವರ ಹೆಸರು, ಪಾತ್ರ, ಊರುಗಳನ್ನು ಬರೆದು ತರೋಣ. ಮಾಸಾಶನಕ್ಕೆ ಅರ್ಜಿ ಬರೆಯಲು ಬಾರದವರಿಗೆ ಅರ್ಜಿ ಬರೆದುಕೊಡೋಣ, ಬಿ.ಎ. ಓದಿದ್ದಕ್ಕೆ ಅಷ್ಟಾದರೂ ಪ್ರಯೋಜನವಾಗಲಿ. ಮುಂದಿನ ವರ್ಷ ನಾನು ಈ ಕಾಲೇಜಿನಲ್ಲಿರುವುದಿಲ್ಲ. ಆದರೂ ಮುಂದಿನ ವಾರ್ಷಿಕ ಸಂಚಿಕೆಯ ನಾಲ್ಕು ಪುಟಗಳನ್ನು ಆ ಹೆಸರುಗಳಿಗೆ ಮೀಸಲಿಡಬೇಕೆಂದು ಸಂಪಾದಕ ಮಂಡಳಿಯ ಗುರುಗಳಲ್ಲಿ ವಿನಂತಿಸುತ್ತೇನೆ. ನನ್ನ ಊರಿನ ಹೆಸರುಗಳನ್ನು ನಾನು ಅಂಚೆಯಲ್ಲಾದರೂ ಕಳಿಸಿಕೊಡುತ್ತೇನೆ.